ತಮ್ಮನ ಅಳತೆ

ಮೂರನೆಯ ಸೂಜಿಯೂ ಮುರಿಯಿತು. ದರ್ಜಿಯಕ್ಕ ತುಂಡನ್ನು ಆಯ್ದು ಡಬ್ಬಿಗೆ ಹಾಕಿ, ಇನ್ನೂ ದಪ್ಪದ ಸೂಜಿ ಸಿಕ್ಕಿಸಿ, ಮತ್ತೆ ಪೆಡಲು ತುಳಿದಳು. ಪಕ್ಕದಲ್ಲಿ ಗಿರಾಕಿಗಳ ಎರಡು ಪ್ಯಾಂಟು, ಒಂದು ಶಾಲೆಯ ಸಮವಸ್ತ್ರ ಕಾಯುತ್ತಿದ್ದವು. ಅವಳ ಕೈಯಲ್ಲಿದ್ದದ್ದು ತಮ್ಮನ ಡೈವಿಂಗ್ ಸೂಟು. ಕಪ್ಪು ರಬ್ಬರಿನದು, ಕಂಬಳಿಯಷ್ಟು ದಪ್ಪ. ಸಮುದ್ರದಡಿ ಇಳಿಯುವವರು ಚಳಿ ತಡೆಯಲು ಮೈಗೆ ಅಂಟಿದಂತೆ ತೊಡುವಂಥದ್ದು. ತಮ್ಮ ಆರಡಿ ಆಳು, ಅವಳು ಅವನ ಭುಜಕ್ಕೆ ಬರುತ್ತಿದ್ದಳು. ಹಾಗಾಗಿ ಎರಡೂ ಪಕ್ಕ ನಾಲ್ಕು ನಾಲ್ಕು ಬೆರಳು ಒಳಗೆ ಹಿಡಿದು, ಕಾಲು ಮೋಟು ಮಾಡಿ, ಗಟ್ಟಿ ನೂಲಿನಲ್ಲಿ ಎರಡೆರಡು ಸಾಲು ಹೊಲಿಗೆ ಓಡಿಸುತ್ತಿದ್ದಳು.

ಅವಳ ಗಂಡ ಬಸ್ ಡ್ರೈವರ್. ಡ್ಯೂಟಿಗೆ ಹೊರಟವನು ಬಾಗಿಲಲ್ಲಿ ನಿಂತು ನೋಡಿದ. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ನೀನು ತಮ್ಮನ ಚರ್ಮಾನೂ ಬಿಡ್ಲಿಲ್ವಲ್ಲೇ" ಎಂದ. ಅವಳು ನಗಲಿ ಎಂದೇ ಅಂದದ್ದು. ಅವಳು ಹಲ್ಲಿನಿಂದ ನೂಲು ಕಡಿದಳು. ಅವನು ಟೋಪಿ ಸರಿಮಾಡಿಕೊಂಡು ಹೋದ.

ತಮ್ಮ ಒಂದು ದಿನದ ದಾರಿಯ ದೂರದಲ್ಲಿ, ಕಡಲ ದಂಡೆಯಲ್ಲಿ, ಜನರಿಗೆ ನೀರಿನಡಿ ಇಳಿಯುವುದನ್ನು ಕಲಿಸುತ್ತಿದ್ದ. ಶಿಷ್ಯರು ಅವನಿಗಿಟ್ಟ ಹೆಸರು ಕಪ್ಪೆ. ಕಪ್ಪೆ ಸತ್ತು ಹನ್ನೊಂದು ತಿಂಗಳಾಗಿತ್ತು. ನೀರಿನಲ್ಲಲ್ಲ, ಜ್ವರ ಬಂದು, ಆಸ್ಪತ್ರೆಯ ಮಂಚದ ಮೇಲೆ, ನಾಲ್ಕೇ ದಿನಕ್ಕೆ. ಮಾತಾಡಿಸಲು ಬಂದವರೆಲ್ಲ ನೀರಲ್ಲೇ ಹೋದನೇ ಎಂದು ಕೇಳುವರು. ಅಲ್ಲ, ಜ್ವರ ಎಂದರೆ ಅವರ ಮುಖ ಸ್ವಲ್ಪ ಸಪ್ಪಗಾಗುವುದು. ಅದನ್ನು ಕಂಡೂ ಅವಳಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಜೋಮು ಹಿಡಿದ ಕಾಲು ನೆಲ ಮುಟ್ಟಿಯೂ ಮುಟ್ಟದ ಹಾಗೆ ದಿನಗಳು ಅವಳಿಗೆ ತಾಗುತ್ತಿದ್ದವು. ಅಳತೆ ತೆಗೆದಳು, ಕತ್ತರಿಸಿದಳು, ಗುಂಡಿ ಹಚ್ಚಿದಳು, ಉಂಡಳು.

ತಮ್ಮನ ಜೊತೆಗಾರ ಸೂಟನ್ನೂ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕನ್ನೂ ಪಾರ್ಸೆಲ್ ಮಾಡಿ, ಜೊತೆಗೊಂದು ಕಾಗದ ಇಟ್ಟಿದ್ದ. ನೀರಿನಡಿ ಉಸಿರು ಕೊಡುವ ರೆಗ್ಯುಲೇಟರು, ತೇಲಿಸುವ ಜಾಕೀಟು ಎರಡೂ ತನ್ನಲ್ಲಿವೆ. ಕಪ್ಪೆಯ ಕೊನೆಯ ಶಿಷ್ಯೆ, ಒಬ್ಬಳು ಹುಡುಗಿ, ಈಗ ತಾನೂ ಕಲಿಸುವ ಕೆಲಸಕ್ಕೆ ತಯಾರಾಗಿದ್ದಾಳೆ. ಸ್ವಂತದ್ದೇನೂ ಇಲ್ಲದೆ ಅವಳನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುತ್ತಿಲ್ಲ. ಅವಳಿಗೆ ಕೊಡಲೇ ಅಕ್ಕ? ನೀವು ಹೇಳದೆ ಯಾರೂ ಮುಟ್ಟುವುದಿಲ್ಲ.

ಪಾರ್ಸೆಲ್ ಬಂದ ವಾರವೇ ಅವಳು ಲಕೋಟೆಯ ಮೇಲೆ ವಿಳಾಸ ಬರೆದು ಅಂಚೆಚೀಟಿ ಹಚ್ಚಿದಳು. ಒಳಗಿಡುವ ಕಾಗದವನ್ನು ಮಾತ್ರ ಬರೆಯಲಿಲ್ಲ. ಲಕೋಟೆ ಮೆಷಿನ್ನಿನ ಖಾನೆಯಲ್ಲಿ ಬಾಬಿನ್ನುಗಳ ಜೊತೆ ಉಳಿಯಿತು.

ಹೋದ ತಿಂಗಳು ಯಾರಿಗೂ ಹೇಳದೆ ಊರಿನ ಈಜುಕೊಳದಲ್ಲಿ ನಡೆಯುವ ಡೈವಿಂಗ್ ತರಗತಿಗೆ ಹೆಸರು ಕೊಟ್ಟಿದ್ದಳು. ಐವತ್ತೆರಡು ವಯಸ್ಸು, ಈಜು ಅಷ್ಟಕ್ಕಷ್ಟೇ. ಮನಸ್ಸಿನಲ್ಲಿದ್ದದ್ದು ಒಂದೇ: ಮೈಮೇಲೆ ಅವನದ್ದೇ ಎಲ್ಲ ತೊಟ್ಟು, ಅವನು ಕಂಡದ್ದನ್ನು ಒಮ್ಮೆ ಕಾಣಬೇಕು. ಆಗಲಾದರೂ ಏನಾದರೂ ತಾಗೀತು. ಅಂದಮೇಲೆ ಜೊತೆಗಾರನಿಗೆ ಬರೆಯಬೇಕಾದದ್ದು, ಕೊಡಬೇಡ, ನನಗೇ ಕಳಿಸು ಎಂದು. ಅಷ್ಟು ಬರೆಯಲೂ ಕೈ ಏಳಲಿಲ್ಲ, ಯಾಕೆಂದರೆ ಆ ಹುಡುಗಿ ಕಾಯುತ್ತಿದ್ದಳು.

ಸೋಮವಾರದೊಳಗೆ ಮಾಸ್ಕು, ಸ್ನಾರ್ಕೆಲ್ ಕೊಳವೆ, ಕಾಲಿಗೆ ಹಾಕುವ ಫಿನ್ನು ತನ್ನಿ ಎಂದು ತರಗತಿಯಲ್ಲಿ ಹೇಳಿದ್ದರು. ಮಾಸ್ಕು ಇದೆ, ಉಳಿದೆರಡು ಕೊಂಡರಾಯಿತು ಎಂದುಕೊಂಡು, ಹೊಲಿದ ಸೂಟನ್ನೂ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನ ಡೈವಿಂಗ್ ಸಾಮಾನಿನ ಅಂಗಡಿಗೆ ಹೋದಳು.

ಅಂಗಡಿಯ ಮುದುಕ ಹಳೆಯ ಡೈವರ್. ನೆಗಡಿಯಿದ್ದಾಗ ನೀರಿಗಿಳಿದು ಎಡಗಿವಿ ಕಳೆದುಕೊಂಡವನು. "ಬಲಗಡೆ ಬನ್ನಿ ತಾಯಿ, ಎಡಗಡೆ ಬೈದರೂ ನನಗೆ ಕೇಳ್ಸಲ್ಲ" ಎಂದ. ಚೀಲದಿಂದ ಮಾಸ್ಕು ತೆಗೆದು ಪಟ್ಟಿ ಹಾಕದೆ ಮುಖಕ್ಕೆ ಒತ್ತಿಕೊಳ್ಳಲು ಹೇಳಿದ. ಮೂಗಿನಿಂದ ಉಸಿರು ಎಳೆದು ಕೈ ಬಿಡಬೇಕು. ಅಂಟಿ ನಿಂತರೆ ಅದು ನಿಮ್ಮದು, ಬಿದ್ದರೆ ಅಲ್ಲ. ಅವಳು ಎಳೆದು ಕೈ ಬಿಟ್ಟಳು. ತಮ್ಮನ ಮಾಸ್ಕು ಸೆರಗಿಗೆ ಬಿತ್ತು. ಮತ್ತೆ ಮಾಡಿದಳು, ಮತ್ತೆ ಬಿತ್ತು. ನಾಲ್ಕನೆಯ ಸಲ ಅವನೇ ಮೆಲ್ಲಗೆ ತೆಗೆದಿಟ್ಟ.

ಅವನು ಸೂಟನ್ನು ಮೇಜಿನ ಮೇಲೆ ಬಿಡಿಸಿ ನೋಡಿದ. ಆಮೇಲೆ ಪಕ್ಕದ ಹೊಲಿಗೆಯನ್ನು ಎರಡೂ ಕೈಯಲ್ಲಿ ಎಳೆದು ದೀಪಕ್ಕೆ ಹಿಡಿದ. ಉದ್ದಕ್ಕೂ ಬೆಳಕಿನ ಸಣ್ಣ ಸಣ್ಣ ಚುಕ್ಕಿ, ಎರಡು ಸಾಲು, ಒಂದಿಷ್ಟೂ ಸೊಟ್ಟಗಿಲ್ಲ.

"ಹೊಲಿಗೆ ಮುತ್ತಿನಂಗಿದೆ. ಆದ್ರೆ ಇದನ್ನ ಮೊದ್ಲು ಅಂಟಿಸಿ, ಆಮೇಲೆ ಅರ್ಧ ದಪ್ಪಕ್ಕೆ ಮಾತ್ರ ಸೂಜಿ ಇಳಿಸ್ತಾರೆ ತಾಯಿ. ಒಳಗೆ ಬಂದ ನೀರು ಮೈ ಶಾಖಕ್ಕೆ ಬೆಚ್ಚಗಾಗಿ ಅಲ್ಲೇ ನಿಲ್ಬೇಕು. ಈಗ ಇದ್ರಲ್ಲಿ ಜರಡಿ ಥರ ಓಡಾಡತ್ತೆ."

ಇದ್ದ ಒಂದು ಸೂಟನ್ನು ತನ್ನ ಕೈಯಾರೆ ಕತ್ತರಿಸಿ ತೂತು ಮಾಡಿದ್ದಳು. ಈಗಲಾದರೂ ಎದೆ ಧಸಕ್ಕೆನ್ನುತ್ತದೆಂದು ಕಾದಳು. ಎನ್ನಲಿಲ್ಲ. "ಯಾರಾದ್ರೂ ಬೇರೆಯವರ ಅಳತೆ ತಗೊಂಡು ಬಂದ್ರೆ ನಾನೇ ಬೈದು ಕಳಿಸ್ತೀನಿ" ಎಂದಳು. ದೀಪದ ಬುಡದಲ್ಲೇ ಕತ್ತಲೆ ಎಂದು ಮುದುಕ ಹೇಳಬಹುದಿತ್ತು. ಹೇಳದೆ ಸೂಟನ್ನು ಒಳ್ಳೆಯ ಬಟ್ಟೆ ಮಡಿಸುವ ಹಾಗೆ ಮಡಿಸಿ ಕೊಟ್ಟ.

ಆಮೇಲೆ ಫಿನ್ನು. ಹೆಬ್ಬೆರಳು ಮಡಚಬಾರದು, ಹಿಮ್ಮಡಿ ಜಾರಬಾರದು. ಆರು ಜೊತೆ ಹಾಕಿ ನೋಡಿದ್ದಾಯಿತು. ಕೊಳವೆಯಲ್ಲಿ ಬಾಯಿಗೆ ಮೆತ್ತಗಿರುವಂಥದ್ದು ಒಂದನ್ನು ಅವನೇ ಆರಿಸಿದ. ಗೋಡೆಯ ಮೇಲೆ ತೂಗುತ್ತಿದ್ದ ರೆಗ್ಯುಲೇಟರುಗಳ ಕಡೆ ನೋಡಿ, ತನಗಾಗಿ ಒಂದು ಕಾದಿದೆ, ತರಿಸಿಕೊಳ್ಳಲೇ ಎಂದು ಕೇಳಿದಳು.

"ಅದು ಯಾರಿಗಾದ್ರೂ ಆಗತ್ತೆ, ಅದಕ್ಕೆ ಅಳತೆ ಇಲ್ಲ. ಆದ್ರೆ ನಿಮಗೀಗ ಬೇಡ. ಕಲಿಯೋವಾಗ ತರಗತಿಯವರೇ ಕೊಡ್ತಾರೆ. ಇಪ್ಪತ್ತು ಸಲ ಮುಳುಗಿ, ಆಮೇಲೆ ನೋಡಿ. ಎಷ್ಟು ದಿನದಿಂದ ಕೂತಿದೆ ಅದು?"

"ಹನ್ನೊಂದು ತಿಂಗಳು."

"ಸುಮ್ನೆ ಇಟ್ರೆ ಒಳಗಿನ ರಬ್ಬರು ಒಣಗಿ ಬಿರಿಯತ್ತೆ. ಯಾರಾದ್ರೂ ಉಸಿರಾಡ್ತಾ ಇದ್ರೇನೇ ಅದು ಚೆನ್ನಾಗಿರೋದು."

ಅವಳು ತಲೆಯಾಡಿಸಿದಳು. ಮುದುಕ ಮಾಸ್ಕುಗಳ ಸಾಲು ಹರಡಿದ. ಒಂದು ಬಿತ್ತು, ಇನ್ನೊಂದು ಕೆನ್ನೆಯ ಬಳಿ ಗಾಳಿ ಬಿಟ್ಟಿತು. ಐದನೆಯದು, ಎಲ್ಲಕ್ಕಿಂತ ಚಿಕ್ಕದು, ಕೈ ಬಿಟ್ಟರೂ ಮುಖದ ಮೇಲೆ ನಿಂತಿತು. ಕನ್ನಡಿಯಲ್ಲಿ ನೋಡಿಕೊಂಡರೆ, ಎರಡು ದೊಡ್ಡ ಕಣ್ಣಿನ ಒಂದು ಮುದಿ ಕಪ್ಪೆ. ನಗು ಬರಬೇಕಿತ್ತು. ಬಾರದಿದ್ದರೂ, ಮೂಗಿನ ಉಸಿರನ್ನು ಹಿಡಿಯಲಾದಷ್ಟು ಹೊತ್ತು ಹಿಡಿದು ನಿಂತಳು. ಬಿಟ್ಟಾಗ ಮಾಸ್ಕು ಅಂಗೈಗೆ ಬಂತು. "ಇದೇ ಕೊಡಿ" ಎಂದಳು.

ಮನೆಗೆ ಬಂದು, ಚೀಲವನ್ನೂ ಇಳಿಸದೆ, ಖಾನೆಯಿಂದ ಲಕೋಟೆ ತೆಗೆದಳು. ಅಳತೆ ಬರೆಯುವ ಪುಸ್ತಕದ ಒಂದು ಹಾಳೆ ಹರಿದು ಬರೆದಳು.

"ರೆಗ್ಯುಲೇಟರು, ಜಾಕೀಟು ಎರಡೂ ಆ ಹುಡುಗಿಗೆ ಕೊಡಪ್ಪ. ತಡವಾಯಿತು, ಅವಳಿಗೂ ಹಾಗೆ ಹೇಳು. ಜಾಕೀಟು ದೊಡ್ಡದಾದರೆ ಪಟ್ಟಿ ಎಳೆದುಕೊಳ್ಳಲಿ, ಹೊಲಿಸಬಾರದು. ಸೂಟನ್ನು ನಾನೇ ಹಾಳು ಮಾಡಿದೆ. ಸೋಮವಾರದಿಂದ ನಾನೂ ಕಲಿಯುತ್ತೇನೆ."

ಅಂಚೆಪೆಟ್ಟಿಗೆ ಬೀದಿಯ ತಿರುವಿನಲ್ಲಿತ್ತು. ಖಾನೆಯ ಎಣ್ಣೆ ಕುಡಿದು ಲಕೋಟೆಯ ಒಂದು ಮೂಲೆ ಹಳದಿಯಾಗಿತ್ತು, ವಿಳಾಸ ಮಾತ್ರ ಸ್ಪಷ್ಟವಿತ್ತು. ಅದನ್ನು ಸೀಳಿನೊಳಗೆ ತಳ್ಳಿದಳು. ಬಿದ್ದ ಸದ್ದು ಕೇಳಿಸಲಿಲ್ಲ. ಎರಡು ಬೆರಳು ಒಳಗೆ ಹಾಕಿ ತಡಕಿದಳು, ಹೋಗಿತ್ತು.