ಸೋಮವಾರದ ಕನ್ನಡಿ

ಉಪ್ಪಿಟ್ಟಿನಲ್ಲಿ ಗೋಡಂಬಿ, ಹಲ್ಲಿಗೆ ಮೆತ್ತಗೆ ಸಿಕ್ಕಿತು, ಅಂದರೆ ಇವತ್ತು ಯಾರದೋ ಮನೆಯವರು ಬರುತ್ತಾರೆ, ಮನೆಯವರು ಬರುವ ಸೋಮವಾರ ಮಾತ್ರ ಈ ಹಾಸ್ಟೆಲ್ ಮೆಸ್ಸಿನ ಉಪ್ಪಿಟ್ಟಿಗೆ ಗೋಡಂಬಿ ಬೀಳುತ್ತದೆ, ಮಿಕ್ಕ ದಿನ ಸಾಸಿವೆಯನ್ನೂ ಹುಡುಕಿಕೊಂಡು ತಿನ್ನಬೇಕು — ಯಾರ ಮಾನ ಹರಾಜೋ ಇವತ್ತು, ಯಾರದಾದರೇನು, ತಿನ್ನು ಹುಲುಗೇಶ, ನಿನ್ನದಲ್ಲವಲ್ಲ, ತಿನ್ನು — ಎಂದುಕೊಳ್ಳುತ್ತಲೇ ತಲೆ ಎತ್ತಿದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿರುವವಳು ನಮ್ಮವ್ವ. ಬಂಡ್ರಿಯ ವಿರುಪಮ್ಮ. ಮದುವೆಗಳಿಗೆ ಮಾತ್ರ ಉಡುವ ಹಸಿರು ಸೀರೆ, ತಲೆಗೆ ಎಣ್ಣೆ, ಕೈಯಲ್ಲಿ ಹಸಿ ಶೇಂಗಾದ ಚೀಲ, ಮೆಸ್ಸಿಗೆ ಯಾರಾದರೂ ಚಪ್ಪಲಿ ಬಿಟ್ಟು ಬರುತ್ತಾರೆಯೇ, ಗುಡಿಯೇ ಇದು. ವಾರ್ಡನ್ ಜಂಬುನಾಥ್ ಸರ್ ಎದ್ದು ಹೋಗಿ ಕೈ ಮುಗಿದು, ಬರ್ರಿ ತಾಯಿ, ಇಲ್ಲೇ ಮುಂದ ಕುಂದ್ರಿ, ಎಂದು ಪರದೆಯ ಎದುರಿನ ಕುರ್ಚಿ ಎಳೆದು ಕೊಡುತ್ತಿದ್ದಾರೆ, ಅದು ಹಿಂದೊಂದು ಸೋಮವಾರ ಪಂಪೇಶನ ಅಪ್ಪ ಕೂತಿದ್ದ ಕುರ್ಚಿ. ಗೋಡಂಬಿಯನ್ನು ನುಂಗದೆ ಕೆನ್ನೆಯ ಮೂಲೆಗೆ ತಳ್ಳಿಕೊಂಡೆ.

ಕನ್ನಡಿ, ಕಾರ್ಯಕ್ರಮದ ಹೆಸರು ಕನ್ನಡಿ, ಸರ್ ಅವರೇ ಇಟ್ಟದ್ದು. ನಮ್ಮ ಕುಡಿತ ಬಿಡಿಸಲು ಮೊದಲು ಭಾಷಣ ಮಾಡಿಸಿದರು, ಡಾಕ್ಟರನ್ನು ಕರೆಸಿ ಕೊಳೆತ ಲಿವರಿನ ಚಿತ್ರ ತೋರಿಸಿದರು, ನಾವು ಆ ಚಿತ್ರ ನೋಡಿ ಸೀದಾ ಹೊಸಪೇಟೆಗೆ ಹೋಗಿ ಲಿವರ್ ಫ್ರೈ ತಿಂದು ಎಂದಿಗಿಂತ ಹೆಚ್ಚು ಕುಡಿದು ಬಂದೆವು. ದಂಡ ಹಾಕಿದರು, ಕಟ್ಟಿದೆವು, ದಂಡ ಕಟ್ಟಿದ ಸಂಕಟಕ್ಕೆ ಮತ್ತೆ ಕುಡಿದೆವು. ಆಮೇಲೆ ಸರ್‌ಗೆ ಬುದ್ಧಿ ಬಂತು, ಈಸ್ಟ್‌ಮನ್ ಕಲರ್ ಬುದ್ಧಿ, ಸಿನಿಮಾ ತೋರಿಸುವ ಬುದ್ಧಿ. ಕುಡದವಗ ತಾನು ಹೆಂಗ ಕಾಣ್ತೀನಿ ಅಂತ ಗೊತ್ತಿರಂಗಿಲ್ಲ, ತೋರಸ್ರಿ, ಅವಗೂ ತೋರಸ್ರಿ, ಹಡದವರಿಗೂ ತೋರಸ್ರಿ, ಎಂದರು. ಸಿಕ್ಕಿಬಿದ್ದವನು ಇನ್ನೊಬ್ಬ ಕುಡಿದು ಬಿದ್ದಿರುವ ವೀಡಿಯೊ ತಂದುಕೊಟ್ಟರೆ ಅವನ ತಪ್ಪು ಮಾಫಿ, ಸೋಮವಾರ ತಿಂಡಿಯ ಹೊತ್ತಿಗೆ ಎಲ್ಲರ ಮುಂದೆ ಪ್ರದರ್ಶನ, ಹಡೆದವರಿಗೆ ಮುಂದಿನ ಕುರ್ಚಿ. ಈ ಮದ್ದು ಹತ್ತಿತು, ಹತ್ತಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಸದ ಡಬ್ಬಿಯಲ್ಲಿ ಬಾಟಲಿ ಸದ್ದು ನಿಂತಿತು, ಬಚ್ಚಲಲ್ಲಿ ವಾಂತಿ ನಿಂತಿತು. ಪಂಪೇಶ ಬೆಡ್‌ಶೀಟನ್ನು ಲಂಗ ಮಾಡಿ ಉಟ್ಟು ಬೀದಿನಾಯಿಗೆ ಆರತಿ ಎತ್ತಿದ ವೀಡಿಯೊ — ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು, ತಟ್ಟೆ ಬಡಿದು ನಕ್ಕೆ, ಒನ್ಸ್ ಮೋರ್ ಅಂದೆ. ಅವನಪ್ಪ ಕಂಪ್ಲಿಯ ಅಕ್ಕಿ ಗಿರಣಿಯ ಹಮಾಲಿ, ಮುಗಿದ ಮೇಲೆ ಎದ್ದು ನಿಂತು ನಮ್ಮೆಲ್ಲರಿಗೂ ಕೈ ಮುಗಿದು ಹೋದ, ಆ ಕೈ ಮುಗಿದದ್ದಕ್ಕೂ ನಾನು ನಕ್ಕೆ. ಪಂಪೇಶ ಈಗ ಕುಡಿಯುವುದಿಲ್ಲ, ಯಾರ ಹತ್ತಿರವೂ ಮಾತೂ ಆಡುವುದಿಲ್ಲ, ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತು ಉಣ್ಣುತ್ತಾನೆ. ಸರ್ ಲೆಕ್ಕದಲ್ಲಿ ಅವನು ಸುಧಾರಿಸಿದವನು. ಈಗ ಅವನು ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಾನೆ, ನಗು ಮಗನೆ, ನಿನ್ನ ಪಾಳಿ, ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ.

ನನ್ನ ವೀಡಿಯೊ ಕೊಟ್ಟವನು ಯಾರು, ಕೇಳಬೇಕೇ, ಕನಕರಾಜ್, ನನ್ನ ರೂಮಿನವನು, ನನ್ನ ಬನಿಯನ್ ಹಾಕಿಕೊಂಡೇ ಎದುರಿಗೆ ಕೂತು ತಟ್ಟೆಯಿಂದ ತಲೆ ಎತ್ತದೆ ತಿನ್ನುತ್ತಿದ್ದಾನೆ. ಹೋದ ವಾರ ಬಕೆಟ್ಟಿನಲ್ಲಿ ಬಟ್ಟೆಯ ಕೆಳಗೆ ಬಿಯರ್ ಇಟ್ಟು ಸಿಕ್ಕಿಬಿದ್ದವನು ಮರುದಿನ ನಗುನಗುತ್ತ ತಿರುಗಿದಾಗಲೇ ನನಗೆ ತಿಳಿಯಬೇಕಿತ್ತು. ಯಾವುದು ಕೊಟ್ಟಿಲೇ — ಅವನು ಅಗಿಯುತ್ತಾನೆ — ಯಾವುದಂತ ಹೇಳಲೇ, ಕೆರೇದಾ, ಮಂಟಪದ್ದಾ — ಸಿಟ್ಟಾಗಬ್ಯಾಡಲೇ ದೋಸ್ತ, ನಮ್ಮಪ್ಪ ಬಂದ್ರ ನನ್ನ ಕೊಂದ್ ಹಾಕ್ತಿದ್ದ — ಯಾವುದಲೇ. ಬಾಯಿಗೆ ಇನ್ನಷ್ಟು ಉಪ್ಪಿಟ್ಟು ತುಂಬಿಕೊಳ್ಳುತ್ತಾನೆ. ಕೆರೆಯದಾಗಲಿ, ಕಮಲಾಪುರದ ಕೆರೆ ಏರಿಯ ಮೇಲೆ ನಾನು ವಾಂತಿ ಮಾಡಿಕೊಂಡು ಅದರಲ್ಲೇ ಉರುಳಾಡಿದ್ದು, ಪ್ಯಾಂಟಿನಲ್ಲೇ ಮೂತ್ರ ಮಾಡಿಕೊಂಡದ್ದು, ಅದಾಗಲಿ, ಅವ್ವ ಅಳುತ್ತಾಳೆ, ಎಳಕೊಂಡು ಹೋಗಿ ಆಣೆ ಮಾಡಿಸುತ್ತಾಳೆ, ಮುಗಿಯಿತು, ಉಚ್ಚೆ ಹೊಯ್ದ ಮಗ ಅವಳಿಗೆ ಹೊಸಬನಲ್ಲ. ಮಂಟಪದ್ದು ಬೇಡ. ತಾಯಿ ಹುಲಿಗೆಮ್ಮ, ನಿನ್ನ ಹೆಸರೇ ಇಟ್ಟುಕೊಂಡಿದ್ದೇನೆ, ಮಂಟಪದ್ದು ಬೇಡ. ಅವ್ವ ಈಗ ಎದ್ದು ನನ್ನ ಮೇಜಿಗೇ ಬರುತ್ತಿದ್ದಾಳೆ, ಎಲ್ಲರಿಗೂ ಹಲ್ಲು ಬಿಡುತ್ತ, ಇವರೆಲ್ಲ ನನ್ನ ಗೆಳೆಯರೆಂದು ಅವಳ ಎಣಿಕೆ. ಏನ್ ಕೊಡ್ತಾರಪ್ಪ, ಶಾಲು ಹೊದಸ್ತಾರ? — ಏನೂ ಇಲ್ಲವ್ವ, ಊರಿಗೆ ನಡಿ ನೀನು — ನಡಿ ಅಂದ್ರ ಹೆಂಗ, ನಿಮ್ಮ ಮಗನ ಕಾರ್ಯಕ್ರಮ ಐತಿ ಅಂತ ಸಾಹೇಬ್ರು ಫೋನ್ ಮಾಡಿ ಕರಿಸ್ಯಾರ, ನಾ ಓಣಿಗೆಲ್ಲ ಹೇಳಿ ಬಂದೀನಿ. ಹೇಳಿ ಬಂದಿದ್ದಾಳಂತೆ. ನಿಜ ಹೇಳಿದರೆ ಯಾವ ತಾಯಿತಂದೆಯೂ ಬರುವುದಿಲ್ಲವಲ್ಲ, ಅದಕ್ಕೆ ಸರ್ ಎಲ್ಲರಿಗೂ ಕಾರ್ಯಕ್ರಮ ಎಂದೇ ಹೇಳುತ್ತಾರೆ. ಇವಳ ಕೈ ಹಿಡಿದು ದರದರ ಎಳೆದುಕೊಂಡು ಗೇಟು ದಾಟಿಸಬಹುದು, ಈಗಲೇ, ಆದರೆ ತಟ್ಟೆಯ ಅಂಚು ಹಿಡಿದುಕೊಂಡು ಕೂತೇ ಇದ್ದೇನೆ. ಅವಳು ನನ್ನ ತಲೆ ಸವರಿ, ಎಣ್ಣಿ ಹಚ್ಕೊಳ್ಳಾಂಗಿಲ್ಲೇನು, ಎಂದು ಹೋಗಿ ಅದೇ ಕುರ್ಚಿಯಲ್ಲಿ ಕೂತಳು.

ಮಂಟಪ. ಪ್ರವಾಸಿಗಳು ಕರಗಿದ ಮೇಲೆ ಹಂಪಿ ಬಜಾರಿನ ಸಾಲು ಮಂಟಪದಲ್ಲಿ ಕೂತು ಎರಡು ಕ್ವಾರ್ಟರ್ ಖಾಲಿಯಾದರೆ ಯಾರಾದರೊಬ್ಬರು ಶುರು ಮಾಡುತ್ತಿದ್ದರು, ಹುಲುಗಾ, ಹೆಂಗಸಿನ ಸೀನ್ ಹಾಕಲೇ, ಅದು ನಮ್ಮವ್ವನ ಸೀನ್ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಎಲ್ಲರ ನಡಿಗೆಯನ್ನೂ ನಾನು ಅಣಕಿಸಬಲ್ಲೆ, ಜಂಬುನಾಥ್ ಸರ್ ಕೆಮ್ಮುವುದು, ಕುಲಪತಿಗಳು ಶಾಲು ಸರಿಮಾಡಿಕೊಳ್ಳುವುದು, ಅವುಗಳಿಗೆಲ್ಲ ಬರೀ ಚಪ್ಪಾಳೆ, ಅವ್ವನ ಸೀನಿಗೆ ಮಾತ್ರ ಹೊಟ್ಟೆ ಹಿಡಿದುಕೊಂಡು ಬೀಳುತ್ತಿದ್ದರು. ತಲೆಗೆ ಟವಲ್ಲು, ಟವಲ್ಲಿನ ಅಂಚು ಹಲ್ಲಿನ ನಡುವೆ, ಕೂಗು ಹೊರಗೆ ಬರದ ಹಾಗೆ ಬಿಗಿಯಾಗಿ, ಒಂದು ಕೈ ಮುಖದ ಮುಂದೆ, ಇನ್ನೊಂದು ಕೈಯಲ್ಲಿ ಉಂಡ ತಟ್ಟೆ, ಅದು ಬಿದ್ದು ಸದ್ದಾಗಬಾರದಲ್ಲ. ಹೊಡೆಯುವ ಮಾರೆಪ್ಪನ ಪಾತ್ರವೂ ನನ್ನದೇ, ಅದಿರಿನ ಲಾರಿ ಇಳಿದು ಓಲಾಡುತ್ತ ಬರುವ ನಮ್ಮಪ್ಪ, ಆ ಪಾತ್ರಕ್ಕೆ ನಾನು ಬೇರೆ ನಟಿಸಬೇಕಾಗಿರಲಿಲ್ಲ, ಕುಡಿದಿದ್ದರೆ ಸಾಕು. ಅಪ್ಪ ಹೊಟ್ಟೆ ಊದಿ ಸತ್ತ. ಸತ್ತ ದಿನ ಹೆಣದ ಮುಂದೆ ಅವ್ವ ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು, ನನಗ ಏನಾರ ಆಗ್ಲಿ ಯಕ್ಕಾ, ನನ್ನ ಮಗ ಒಂದೇಟೂ ಕಂಡಿಲ್ಲ, ಹಾಸಿಗ್ಯಾಗ ಬಿದ್ರ ಅದು ಕಲ್ಲು. ಈಗಲೂ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಾಳೆ. ಒಂದೇ ಕೋಣೆಯ ಮನೆ, ಅದರಲ್ಲಿ ಇವಳ ಮಗ ಏನೂ ಕಂಡಿಲ್ಲ. ಎಂಥಾ ದಡ್ಡಿ. ಆದರೆ ಅವಳ ಹತ್ತಿರ ಇರುವುದು ಅದೊಂದೇ, ಏಟು ತಿಂದು ತಿಂದು ಅವಳು ಗಳಿಸಿಕೊಂಡದ್ದು ಅದೊಂದೇ, ಅದನ್ನು ಕಸಿಯಬಾರದು, ಕಸಿಯುವವನು ನಾನಾಗಬಾರದು. ಮಾರೆಪ್ಪ ಅಷ್ಟು ಕುಡಿದೂ ಅದನ್ನು ಮುಟ್ಟಲಿಲ್ಲ. ಕನಕರಾಜನ ತಟ್ಟೆ ಖಾಲಿಯಾಗಿದೆ, ಖಾಲಿ ತಟ್ಟೆಯನ್ನೇ ಬೆರಳಿನಿಂದ ಒರೆಸುತ್ತಿದ್ದಾನೆ.

ಕಿಟಕಿಗೆ ಜಮಖಾನೆ ಎಳೆದರು. ಸರ್ ಮಾತಾಡುತ್ತಿದ್ದಾರೆ, ತಾಯಂದಿರ ಕಣ್ಣೀರಿಗಿಂತ ದೊಡ್ಡ ಔಷಧ ಇಲ್ಲ ಅಂತ, ನಮ್ಮಲ್ಲಿ ಕುಡಿತ ಅರ್ಧಕ್ಕರ್ಧ ಇಳಿದಿದೆ ಅಂತ, ಅವ್ವ ಎಲ್ಲದಕ್ಕೂ ಗೋಣು ಹಾಕುತ್ತಿದ್ದಾಳೆ, ಪ್ರೊಜೆಕ್ಟರಿನ ಬೆಳಕು ಅವಳ ಎಣ್ಣೆ ಹಚ್ಚಿದ ತಲೆಯ ಮೇಲಿಂದ ಹಾದು ಪರದೆ ನೀಲಿಯಾಯಿತು, ನೀಲಿ ಅಂದರೆ ನೀರೇ, ಕೆರೆಯೇ, ಬದುಕಿಕೊಂಡೆ — ಇಲ್ಲ, ಅದು ಮಿಷನ್ನಿನ ನೀಲಿ, ಈಗ ಕಪ್ಪು, ಈಗ ಅಲುಗಾಡುತ್ತ ಏನೋ ಬೂದು, ಏರಿಯ ಮಣ್ಣಾಗಲಿ, ಮಣ್ಣಾಗಲಿ — ಕಲ್ಲು. ಕಲ್ಲುಗಂಬ. ಕಂಬದ ಮುಂದೆ ತಲೆಗೆ ಬಿಳಿ ಟವಲ್ಲು ಹೊದ್ದ ನಾನು. ಅವ್ವ ಮಗನನ್ನು ಅಷ್ಟು ದೊಡ್ಡದಾಗಿ ಕಂಡ ಖುಷಿಗೆ ಪಕ್ಕದಲ್ಲಿ ಕೂತ ಹಾಸ್ಟೆಲ್ ಆಫೀಸಿನ ಮೇಡಂಗೆ, ನಮ್ಮ ಹುಡುಗ ರೀ, ನಾಟಕ ಮಾಡ್ಯಾನ, ಎನ್ನುತ್ತಾಳೆ. ಟವಲ್ಲಿನವನು ಬಾಗುತ್ತಾನೆ, ಕೈ ಮುಖದ ಮುಂದೆ ತರುತ್ತಾನೆ, ಹಲ್ಲಿನಿಂದ ಅಂಚು ತುಸುವೇ ಬಿಟ್ಟು ಸಣ್ಣ ಹೆಣ್ಣುದನಿಯಲ್ಲಿ, ಥೇಟ್ ಆ ದನಿಯಲ್ಲಿ, ಹೊಡೀರಿ, ಎಷ್ಟಾರ ಹೊಡೀರಿ, ಸಪ್ಪಳ ಮಾಡಬ್ಯಾಡ್ರಿ, ಹುಡುಗ ಮಲಗ್ಯಾನ — ಮತ್ತೆ ಗಬಕ್ಕನೆ ಅಂಚು ಹಲ್ಲಿಗೆ. ಮೆಸ್ಸಿಗೆ ಮೆಸ್ಸೇ ಬಿದ್ದು ನಗುತ್ತಿದೆ, ಕುಡಿದು ಬೀಳುವವನನ್ನು ನೋಡಲು ಬಂದವರಿಗೆ ಇಷ್ಟು ಒಳ್ಳೆಯ ನಾಟಕ ಸಿಕ್ಕಿದೆ, ಸರ್ ಕೂಡ ಕರವಸ್ತ್ರ ಬಾಯಿಗೆ ಒತ್ತಿ, ನೋಡ್ರಿ ತಾಯಿ, ಕುಡದಾಗ ಹೆಂಗಸಾಗಿಬಿಡ್ತಾನ ನಿಮ್ಮ ಮಗ, ಎಂದರು, ಯಾವ ಹೆಂಗಸು ಎಂದು ಅವರಿಗೆ ಗೊತ್ತಿಲ್ಲ, ಇಲ್ಲಿ ಯಾರಿಗೂ ಗೊತ್ತಿಲ್ಲ, ಅವ್ವ ನಾನು ಇಬ್ಬರಿಗೆ ಬಿಟ್ಟು. ಪಂಪೇಶ ಒಬ್ಬ ನಗುತ್ತಿಲ್ಲ, ನಗೋ, ನೀನಾದರೂ ನಗೋ. ಅವ್ವ ಅಳುವುದಿಲ್ಲ. ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಕತ್ತಲೆಯಲ್ಲಿ ಮೇಜಿನಿಂದ ಮೇಜಿಗೆ ನನ್ನನ್ನು ಹುಡುಕಿ, ಸಿಕ್ಕ ಮೇಲೆ, ಆ ನಗೆಯೊಳಗೆ ಪ್ರೊಜೆಕ್ಟರಿನ ಬೆಳಕಿನಲ್ಲಿ ನನಗೊಬ್ಬನಿಗೇ ತಿಳಿಯುವಂತೆ ತುಟಿಯಷ್ಟೇ ಆಡಿಸಿ ಕೇಳಿದಳು, ಆವಾಗ ನೀ ಮಲಗಿದ್ದಿಲ್ಲೇನಪ್ಪಾ? ಮಲಗಿದ್ದೆ ಅವ್ವ, ಕಲ್ಲಿನ ಹಾಗೆ ಮಲಗಿದ್ದೆ, ಅದು ಬೇರೆ ಯಾರೋ, ಯಾರೋ ಹೇಳಿದ್ದು ಕೇಳಿ — ಹೇಳಲು ಬಾಯಿ ತೆರೆದರೆ ಮೆತ್ತಗಾದ ಗೋಡಂಬಿ ನಾಲಿಗೆಯ ಮೇಲಿದೆ — ಅವಳು ಉತ್ತರಕ್ಕೆ ಕಾಯುವುದಿಲ್ಲ, ಅವಳ ಕೈ ತಾನಾಗಿ ಏಳುತ್ತದೆ, ಹಸಿರು ಸೆರಗು ಬಾಯಿಗೆ ಹೋಗುತ್ತದೆ, ಪರದೆಯ ಮೇಲೆ ಬಿಳಿ ಟವಲ್ಲು, ಪರದೆಯ ಕೆಳಗೆ ಹಸಿರು ಸೆರಗು, ಯಾರೋ ಕಂಡು, ಅಲ್ನೋಡಲೇ ಮುದುಕೀನೂ ಹಂಗ ಮಾಡ್ತಾಳ, ಎಂದು ಕೂಗಿ ಇನ್ನೂ ಜೋರಾಗಿ ನಗುತ್ತಾರೆ, ಸೆರಗು, ಹಲ್ಲು ಬಿಗಿಯುತ್ತದೆ, ಸೆರಗು ಹಲ್ಲಿನ ನಡುವೆ, ಸಪ್ಪಳವಿಲ್ಲ, ಹಲ್ಲಿನ ನಡುವೆ ಸೆರಗು