ಮೂರನೇ ಹೆಡ್ಡಿನ ಸದ್ದು

ನನ್ನ ಟೋಕನ್ ಐವತ್ತೆಂಟು. ಬೋರ್ಡಿನ ಮೇಲೆ ಇನ್ನೂ ನಲವತ್ತೊಂದು. ನಾನು ವೀಸಾ ಕಚೇರಿಯ ಕುರ್ಚಿಯಲ್ಲಿ ಕೂತಿದ್ದೆ ಅನ್ನುವುದು ಹೆಸರಿಗೆ ಮಾತ್ರ. ಕಾಲು ಒಂದೇ ಸಮನೆ ಅಲುಗುತ್ತಿತ್ತು. ಪಕ್ಕದವನು ಎರಡು ಸಲ ನನ್ನ ಮಂಡಿಯನ್ನು ದುರುಗುಟ್ಟಿ ನೋಡಿ, ಆಮೇಲೆ ಎದ್ದು ಬೇರೆ ಕಡೆ ಹೋಗಿ ಕೂತ. ಒಳ್ಳೆಯದೇ ಆಯಿತು, ಫೈಲ್ ಇಡಲು ಜಾಗ ಸಿಕ್ಕಿತು.

ನಾನು ಔಷಧಿ ಬಾಟಲಿಗಳಿಗೆ ಮುಚ್ಚಳ ಬಿಗಿಯುವ ಯಂತ್ರದ ಮೆಕ್ಯಾನಿಕ್. ಮುಚ್ಚಳ ಹಿಡಿದು ತಿರುಗಿಸುವ ಹನ್ನೆರಡು ಹೆಡ್ಡುಗಳ ಹಳೇ ಯಂತ್ರ. ಯಾವ ಹೆಡ್ ಸಡಿಲವಾಗಿದೆ ಎಂದು ಸದ್ದಿನಿಂದಲೇ ಹೇಳುತ್ತೇನೆ. ಕಂಪನಿ ಹೊರದೇಶದ ತನ್ನ ಹೊಸ ಕಾರ್ಖಾನೆಯಲ್ಲೂ ಅದೇ ಯಂತ್ರ ಕೂರಿಸಿ, ಮೂರು ವರ್ಷಕ್ಕೆ ನನ್ನನ್ನು ಅಲ್ಲಿಗೆ ವರ್ಗ ಮಾಡಿದೆ. ಗಂಡ, ಮಗಳು ಇಬ್ಬರೂ ನನ್ನ ವೀಸಾದ ಬಾಲ ಹಿಡಿದೇ ಬರಬೇಕು. ಇದು ಕೈತಪ್ಪಿದರೆ ನಿವೃತ್ತಿಯವರೆಗೂ ಇದೇ ಬಾಟಲಿ, ಇದೇ ಮುಚ್ಚಳ.

ತಕರಾರು ಇದ್ದದ್ದು ಎರಡು ಕಾಗದಗಳಲ್ಲಿ. ನಿನ್ನ ಜಾಗಕ್ಕೆ ಒಬ್ಬರನ್ನು ತಯಾರು ಮಾಡಿದರೆ ಮಾತ್ರ ಬಿಡುತ್ತೇವೆ ಎಂದು ಕಂಪನಿ ಮೊದಲೇ ಹೇಳಿತ್ತು. ಅಲ್ಲೇ ಕೆಲಸಕ್ಕಿದ್ದ ನಾದಿನಿಗೆ ಎಂಟು ತಿಂಗಳು ಕಲಿಸಿದೆ, ಬೈದು ಬೈದು ಕಲಿಸಿದೆ. ಎಲ್ಲ ಕಲಿತಿದ್ದಾಳೆ ಎಂಬ ಪ್ರಮಾಣಪತ್ರಕ್ಕೆ ಸಹಿಯನ್ನೂ ಹಾಕಿದೆ. ಆಮೇಲೆ ವೀಸಾ ಅರ್ಜಿ ಬಂತು. ಈ ಕೆಲಸ ಕಂಪನಿಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ ಎಂದು ಅದರಲ್ಲಿ ತೋರಿಸಬೇಕಂತೆ.

"ಎರಡೂ ಕಾಗದ ಒಂದೇ ಫೈಲಲ್ಲಿ ಇರೋಕಾಗಲ್ಲ" ಎಂದ ಮ್ಯಾನೇಜರ್, ನಾದಿನಿಯ ಪ್ರಮಾಣಪತ್ರವನ್ನು ನನ್ನೆದುರೇ ಹರಿದು ಬುಟ್ಟಿಗೆ ಹಾಕಿದ. ನನ್ನ ಹುದ್ದೆಗೆ ಹೊರಗಿನಿಂದ ಯಾರನ್ನೋ ತರುತ್ತಾರೆ, ಇವಳು ಅವನ ಸಹಾಯಕಿ. ಆದರೂ 'ಬೇರೆ ಯಾರಿಗೂ ಬರುವುದಿಲ್ಲ' ಎಂಬ ಪತ್ರಕ್ಕೆ ಸಹಿ ಹಾಕಿದವಳು ನಾನೇ.

ಮನೆಯಲ್ಲಿ ನಾದಿನಿಗೆ ಹೇಳುವಾಗ ಜಗಳಕ್ಕೆ ಸಿದ್ಧಳಾಗಿಯೇ ಕೂತಿದ್ದೆ. "ಹೋಗಿ ಬನ್ನಿ ಅತ್ತಿಗೆ. ಕಾಗದ ತಾನೇ" ಎಂದಳು, ಅಷ್ಟೇ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ.

ಸಾಲದ್ದಕ್ಕೆ ನಿನ್ನೆ ಸಂಜೆಯಿಂದ ಮೂರನೇ ಹೆಡ್ ಸಡಿಲವಾಗಿ ಟಕ್ ಟಕ್ ಅನ್ನುತ್ತಿತ್ತು. ಇಂದಿನ ಚಿಂತೆಯಲ್ಲಿ ಅದನ್ನು ಹಾಗೇ ಬಿಟ್ಟು ಬಂದಿದ್ದೆ. ಇಲ್ಲಿ ಕೂತರೂ ಕಿವಿಯಲ್ಲಿ ಅದೇ ಟಕ್ ಟಕ್.

ಕೊನೆಗೂ ಐವತ್ತೆಂಟು ಬಂತು. ಗಾಜಿನಾಚೆಯ ಅಧಿಕಾರಿ ಪತ್ರ ಓದಿ ತಲೆಯೆತ್ತಿದ.

"ನೀವು ಹೋದ್ಮೇಲೆ ಆ ಮಷಿನ್ ಯಾರು ನೋಡ್ಕೊಳ್ತಾರೆ?"

"ಹೊಸಬರನ್ನ ತರ್ತಾರೆ ಸರ್. ಈಗಿರೋರಲ್ಲಿ ಯಾರಿಗೂ ಬರಲ್ಲ."

ಅವನು ಪತ್ರದ ಮೇಲಿದ್ದ ನಂಬರಿಗೆ ಫೋನ್ ಮಾಡಿ, ಯಂತ್ರದ ವಿಭಾಗಕ್ಕೆ ಕೊಡಿ ಎಂದು ಸ್ಪೀಕರ್ ಒತ್ತಿದ. ಆ ಕಡೆಯಿಂದ ಬಂದದ್ದು ನಾದಿನಿಯ ದನಿ.

"ಮುಚ್ಚಳದ ಮಷಿನ್ ರಿಪೇರಿ ನಿಮಗೆ ಬರುತ್ತಾ?"

"ಇಲ್ಲ ಸರ್. ಅದೆಲ್ಲ ಮೇಡಂಗೇ ಗೊತ್ತು. ನಾನು ಬರೀ ಮಷಿನ್ ಒರೆಸೋಳು."

ಅವಳ ಮಾತಿನ ಹಿಂದೆ ಯಂತ್ರ ಓಡುತ್ತಿತ್ತು. ನಾನು ಎಣಿಸಿದೆ. ಒಂದು, ಎರಡು, ಮೂರು. ಮೂರನೆಯದರಲ್ಲಿ ಟಕ್ ಇರಲಿಲ್ಲ. ಅದನ್ನು ಸರಿ ಮಾಡಬಲ್ಲವರು ಆ ಕಾರ್ಖಾನೆಯಲ್ಲಿ ಇಬ್ಬರೇ, ಅವರಲ್ಲಿ ಒಬ್ಬಳಾದ ನಾನು ಇಲ್ಲಿ ನಿಂತಿದ್ದೆ. ಮೊದಲು ಹೆಮ್ಮೆಯಾಯಿತು, ಅದರ ಬೆನ್ನಿಗೇ ನಾಚಿಕೆ. 'ಸರ್, ಆ ಸದ್ದು ಕೇಳಿ, ಅದು ಅವಳದ್ದೇ ಕೆಲಸ' ಎಂದುಬಿಡಬೇಕು ಅನ್ನಿಸಿತು. ಅನ್ನಲಿಲ್ಲ. ಅಧಿಕಾರಿ ಫೋನಿಟ್ಟು ಮುದ್ರೆ ಒತ್ತಿದ.

"ಮಂಜೂರಾಗಿದೆ. ಮುಂದಿನ ವಾರ ಪಾಸ್‌ಪೋರ್ಟ್ ತಗೊಳ್ಳಿ."

ಹೊರಗೆ ಕಾವಲುಗಾರನ ಬಳಿ ಬಿಟ್ಟಿದ್ದ ನನ್ನ ಮೊಬೈಲ್ ಇಸಿದುಕೊಂಡೆ. ಗಂಡನಿಗೂ ತಿಳಿಸದೆ ಮೊದಲು ನಾದಿನಿಗೇ ಫೋನ್ ಮಾಡಿದೆ.

"ಕೇಳಿಸ್ತಾ ಅತ್ತಿಗೆ? ಫೋನ್ ಮಷಿನ್ ಪಕ್ಕಕ್ಕೇ ಹಿಡಿದಿದ್ದೆ" ಎಂದಳು.

ತಪ್ಪಾಯಿತು ಎನ್ನಲೆಂದೇ ಬಾಯಿ ತೆರೆದೆ. ಹೊರಬಿದ್ದದ್ದು ಹಳೇ ಬುದ್ಧಿ. "ಕೇಳಿಸ್ತು. ಸ್ವಲ್ಪ ಜಾಸ್ತಿ ಬಿಗಿದಿದ್ದೀಯ. ಕಾಲು ಸುತ್ತು ಸಡಿಲಿಸು."

"ನಂಗೆಲ್ಲಿ ಬರುತ್ತೆ ಅತ್ತಿಗೆ, ನೀವೇ ಬರೆದುಕೊಟ್ಟಿದ್ದೀರಲ್ಲ."

ಹಿಂದೆ ಯಂತ್ರ ಓಡುತ್ತಲೇ ಇತ್ತು. ಅವಳು ನಗುತ್ತಿದ್ದಾಳೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಿದೆ. ಗೊತ್ತಾಗಲಿಲ್ಲ.