ಎಡಭುಜ ಮುಕ್ಕಾಲು ಇಂಚು

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ವಲಸೆ ಕಚೇರಿಯ ಮುಂದೆ ಸಾಲು ನಿಂತವರಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಳಗೆ ಮೂರನೆಯ ಕಿಟಕಿಯ ಅಧಿಕಾರಿಣಿ ಗಾಜು ಒರೆಸಿ, ದೇವರನ್ನೊಮ್ಮೆ ನೆನೆದು, ಮೊದಲ ಚೀಟಿಯ ಸಂಖ್ಯೆ ಕೂಗಿದಳು.

ಬಂದವಳು ಶಿಶುವಿಹಾರದ ಆಯಾ. ಹೊರಗಿನಿಂದ ಬಂದು ಆ ದೇಶದಲ್ಲಿ ಹತ್ತು ವರ್ಷ ಎಡೆಬಿಡದೆ ಬಾಳಿದವರಿಗೆ ಕಾಯಂ ಪರವಾನಗಿ ಸಿಗುತ್ತದೆ. ನಡುವೆ ಆರು ತಿಂಗಳು ಪುರಾವೆಯಿಲ್ಲದೆ ಖಾಲಿ ಬಿದ್ದರೆ ಎಣಿಕೆ ಮತ್ತೆ ಒಂದರಿಂದ. ಆಯಾಳ ಕಡತದಲ್ಲಿ ಒಂಬತ್ತು ವರ್ಷದ ಕಾಗದಗಳು ಒಪ್ಪವಾಗಿದ್ದವು. ನಾಲ್ಕನೆಯ ವರ್ಷದ್ದು ಒಂದೂ ಇರಲಿಲ್ಲ. ಆಗ ಇದ್ದ ಬಾಡಿಗೆ ಮನೆಯ ಒಡತಿ ತೀರಿಕೊಂಡಿದ್ದಳು, ಮನೆಯನ್ನೂ ಕೆಡವಿಹಾಕಿದ್ದರು. ಈಗಿನ ಪರವಾನಗಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಆ ವರ್ಷ ತುಂಬದಿದ್ದರೆ ಮಗಳ ಓದು ಬಿಡಿಸಿ ಗಂಟುಮೂಟೆ ಕಟ್ಟಬೇಕು.

"ಪುರಾವೆ ಇಲ್ದೆ ಬರಬೇಡಿ ಅಂದಿದ್ನಲ್ಲಮ್ಮ?"

"ತಂದಿದೀನಿ ಮೇಡಂ," ಎಂದು ಆಯಾ ಪಕ್ಕಕ್ಕೆ ಸರಿದಳು.

ಹಿಂದೆ ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡ ಮುದಿ ದರ್ಜಿ ನಿಂತಿದ್ದ. ಬಗಲಲ್ಲಿದ್ದ ದಪ್ಪ ಅಳತೆ ಪುಸ್ತಕವನ್ನು ಕಿಟಕಿಯ ಕಂಡಿಯಿಂದ ಒಳಗೆ ತಳ್ಳಿದ. ಪುಟಪುಟಕ್ಕೂ ತಾರೀಕು, ಅಂಕಿ, ಗುಂಡುಪಿನ್ನು ಚುಚ್ಚಿದ ಬಟ್ಟೆಯ ಚೂರು. ಅಧಿಕಾರಿಣಿ ಹುಡುಕಿಯೇ ಹುಡುಕಿದಳು.

"ಹೆಸರೇ ಇಲ್ವಲ್ಲ ಯಜಮಾನ್ರೆ?"

"ಹೆಸರು ಹತ್ತು ಜನಕ್ಕೆ ಒಂದೇ ಇರುತ್ತೆ ತಾಯಿ. ಅಳತೆ ಮಾತ್ರ ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದಾನೆ. ನಾನು ಅದನ್ನೇ ಬರ್ಕೊಳ್ಳೋದು."

ಹೌದು, ಒಂದು ಕಡೆ 'ಉಸಿರು ಬಿಗಿ ಹಿಡೀತಾರೆ, ಎರಡಿಂಚು ಸೇರಿಸು' ಎಂದಿತ್ತು. ಅಧಿಕಾರಿಣಿ ತುಟಿ ಕಚ್ಚಿ ನಗು ತಡೆದಳು. ನಾಲ್ಕನೆಯ ವರ್ಷದ ಹಾಳೆಗಳಲ್ಲಿ 'ಎಡಭುಜ ಮುಕ್ಕಾಲು ಇಂಚು ಕೆಳಗೆ' ಎಂಬುದು ನಾಲ್ಕು ಸಲ ಬಂದಿತ್ತು: ಮೊದಲ ತಿಂಗಳು, ನಾಲ್ಕನೆಯದು, ಎಂಟನೆಯದು, ಹನ್ನೊಂದನೆಯದು.

"ಇದು ನಾನೇ," ಎಂದಳು ಆಯಾ. "ಆಗ ಮಹಡಿ ಮಹಡಿಗೆ ನೀರಿನ ಕ್ಯಾನು ಎಡಭುಜದ ಮೇಲೆ ಹೊರ್ತಿದ್ದೆ. ಭುಜದ ಹತ್ರ ಅಂಗಿ ಹರಿದೇ ಹೋಗೋದು. ಪ್ರತಿ ಸಲ ಹೊಸ ಬಟ್ಟೆ ಕೊಟ್ಟೆ, ಮಿಕ್ಕಿದ ತುಂಡು ಒಂದು ಸಲನಾದ್ರೂ ವಾಪಸ್ ಬಂತಾ ಕೇಳಿ!"

"ಕತ್ತರಿ ತಿಂದ್ಬಿಡ್ತಮ್ಮ," ಎಂದು ದರ್ಜಿ ಛಾವಣಿ ನೋಡಿದ.

"ಅಬ್ಬಾ, ಏನು ಹಸಿವಪ್ಪ ನಿನ್ ಕತ್ತರಿಗೆ!"

ಅಧಿಕಾರಿಣಿಗೆ ಮಾತ್ರ ಮನಸ್ಸು ಕೊರೆಯತೊಡಗಿತು. ನಿಯಮದ ಪುಸ್ತಕದ ಕೊನೆಯಲ್ಲಿ ಯಾರೂ ತಿರುವಿ ನೋಡದ ಒಂದು ಸಾಲಿತ್ತು: ಆ ಕಾಲದಲ್ಲೇ ಕಸುಬಿಗಾಗಿ ಬರೆದಿಟ್ಟ ಯಾವುದೇ ದಾಖಲೆ, ಅರ್ಜಿದಾರರದೇ ಎಂದು ಅಧಿಕಾರಿಗೆ ಮನದಟ್ಟಾದರೆ, ಸಲ್ಲುತ್ತದೆ. ಈ ಕಿಟಕಿಯ ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಮನದಟ್ಟಾಗುವುದು ಹೇಗೆ?

ಬಾಗಿಲು ತೆರೆದು ಆಚೆ ಬಂದಳು. "ಟೇಪು ಕೊಡಿ. ನೀವು ದೂರ ನಿಂತ್ಕೊಳ್ಳಿ, ಬಾಯಿ ಬಿಡಬೇಡಿ."

ಆಯಾ ಗೋಡೆಗೆ ಬೆನ್ನು ತಾಗಿಸಿ, ಬರಿಗಾಲಲ್ಲಿ ನೆಟ್ಟಗೆ ನಿಂತಳು. ಸಾಲಿನವರೆಲ್ಲ ಕತ್ತು ಉದ್ದ ಮಾಡಿದರು. ಅಧಿಕಾರಿಣಿ ನೆಲದಿಂದ ಬಲಭುಜದ ತನಕ ಟೇಪು ಎಳೆದಳು: ಐವತ್ತೊಂದು ಇಂಚು. ಆಮೇಲೆ ಎಡಕ್ಕೆ ಬಂದಳು. ಐವತ್ತೂಕಾಲು. ನಂಬಿಕೆಯಾಗದೆ ಮತ್ತೊಮ್ಮೆ ಎಳೆದಳು. ಐವತ್ತೂಕಾಲೇ.

ಹೊತ್ತ ನೀರು ಯಾರ ಬಾಯಾರಿಕೆಗೋ ಹೋಯಿತು. ಅದರ ಲೆಕ್ಕ ಈ ಭುಜದಲ್ಲಿ ಉಳಿಯಿತು ಎಂದು ಅವಳಿಗೆ ಅನಿಸಿತು. ಒಳಗೆ ಹೋಗಿ ನಾಲ್ಕೂ ಹಾಳೆಗಳ ನಕಲು ತೆಗೆದು, ತಾನು ಅಳೆದದ್ದನ್ನು ಕೆಳಗೆ ಬರೆದು ಸಹಿ ಹಾಕಿ, ಮುದ್ರೆ ಒತ್ತಿದಳು.

"ವರ್ಷ ತುಂಬಿತಮ್ಮ. ಪರವಾನಗಿ ವಾರದಲ್ಲಿ ಬರುತ್ತೆ."

ಆಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೈ ಮುಗಿದಳು.

ಪುಸ್ತಕವನ್ನು ದಾಟಿಸುವಾಗ ಅಧಿಕಾರಿಣಿ ದನಿ ತಗ್ಗಿಸಿ ಕೇಳಿಯೇಬಿಟ್ಟಳು: "ನಾನು ಬಂದ್ರೆ ಏನಂತ ಬರ್ಕೊತೀರಿ?"

ದರ್ಜಿ ಒಂದು ಗಳಿಗೆ ದಿಟ್ಟಿಸಿದ. "ಕತ್ತು ಬಲಕ್ಕೆ ವಾಲಿದೆ ತಾಯಿ. ಆ ಕಂಡಿಗೆ ಕಿವಿ ಕೊಟ್ಟೂ ಕೊಟ್ಟೂ."

ಅವಳು ಕುತ್ತಿಗೆ ಸವರಿಕೊಂಡಳು. ಹನ್ನೊಂದು ವರ್ಷ ಕನ್ನಡಿಯಲ್ಲಿ ನೋಡಿಕೊಂಡೂ ಕಂಡಿರದ ಸಂಗತಿ!

ಗಾಜಿನಾಚೆ ಮಂಜು ಕರಗುತ್ತಿತ್ತು. ಬಾಗಿಲ ಬಳಿಯ ಬೆಂಚಿನಲ್ಲಿ ಆಯಾ ಚಪ್ಪಲಿ ಮೆಟ್ಟುತ್ತಿದ್ದಳು. ದರ್ಜಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕಿಳಿಸಿದ. ಅದೇ ಚೀಲದಿಂದ ಮಡಿಸಿದ ಒಂದು ಸಣ್ಣ ಗಂಟು ತೆಗೆದು, ಯಾರ ಮುಖವನ್ನೂ ನೋಡದೆ, ಅವಳ ಮಡಿಲಲ್ಲಿಟ್ಟ. ನೀಲಿ, ಹಸಿರು, ಚುಕ್ಕಿಯದು, ಪಟ್ಟೆಯದು. ಹಾಳೆಗಳಿಗೆ ಚುಚ್ಚಿದ್ದ ಚೂರುಗಳ ಬಣ್ಣವೇ. ಎರಡು ಗೇಣಿಗೆ ಕಡಿಮೆಯಿಲ್ಲದ ನಾಲ್ಕು ತುಂಡು ಬಟ್ಟೆ.